ಪಾಠ ಪುಕ್ಕಟೆ, ಆದರೆ ಪ್ರಶ್ನೆ ಕೇಳೋದು ಯಾರನ್ನ?

ವೀಕ್ಷಕರೇ, ಒಂದು ಮಾತು ಈಗ ಎಲ್ಲ ಕಡೆ ಕೇಳಿಬರ್ತಿದೆ. "ಮೊಬೈಲ್‌ನಲ್ಲೇ ಎಲ್ಲ ಪಾಠ ಪುಕ್ಕಟೆ ಸಿಗುತ್ತೆ. ಇನ್ನು ಕಾಲೇಜು ಯಾಕೆ? ಲೆಕ್ಚರರ್ ಯಾಕೆ?" ಕೇಳೋಕೆ ಚೆನ್ನಾಗಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳಲ್ಲಿ ಬೆಳಗ್ಗೆ ಎದ್ದು ಬಸ್ಸಿಗೆ ಕಾಯುವ ಡಿಗ್ರಿ ಮಕ್ಕಳಿಗಂತೂ ಇದು ದೊಡ್ಡ ವರ. ಆದರೆ ಈ ವರ ಇವತ್ತು ಮೊದಲ ಸಲ ಬಂದದ್ದಲ್ಲ. ದೂರದ ಮೇಷ್ಟ್ರನ್ನು ಪರದೆಯ ಮೂಲಕ ಹಳ್ಳಿಗೆ ಕರೆತರುವ ಪ್ರಯತ್ನಕ್ಕೆ ನಮ್ಮಲ್ಲಿ ಐವತ್ತು ವರ್ಷದ ಇತಿಹಾಸ ಇದೆ. ಏನೇನಾಯ್ತು ಅಂತ ನೋಡೋಣ ಬನ್ನಿ.

1975ರ ಆಗಸ್ಟ್ 1. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಈ ಪ್ರಯೋಗಕ್ಕೆ 'ಸೈಟ್' ಅಂತ ಹೆಸರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಧಾರವಾಡದ ಮಗ್ಗುಲಿಗೇ ಬಂದಿತ್ತು, ಒಳಗೆ ಬರಲಿಲ್ಲ. ಹಳ್ಳಿಯಲ್ಲಿ ಜಾಲರಿಯ ಡಿಶ್, ಅದರ ಕೆಳಗೆ ಒಂದು ಟಿವಿ, ಅದರ ಮುಂದೆ ಇಡೀ ಊರು! ಶಾಲೆ ಮಕ್ಕಳಿಗೆ, ರೈತರಿಗೆ ಅವರದೇ ಭಾಷೆಯಲ್ಲಿ ಕಾರ್ಯಕ್ರಮ. 1976ರ ಜುಲೈ 31ಕ್ಕೆ ಎಲ್ಲ ಬಂದ್. ಯಾಕೆ? ಉಪಗ್ರಹ ನಮ್ಮದಾಗಿರಲಿಲ್ಲ. ಎರವಲು ತಂದ ಒಡವೆ, ಮದುವೆ ಮುಗಿದ ಮೇಲೆ ವಾಪಸ್ ಕೊಡಲೇಬೇಕಲ್ವಾ?

ಆಮೇಲೆ ನಮ್ಮದೇ ಇನ್ಸಾಟ್-1ಬಿ ಬಂತು. 1984ರ ಆಗಸ್ಟ್ 15ರಿಂದ ಯುಜಿಸಿ ದೂರದರ್ಶನದಲ್ಲಿ 'ಕಂಟ್ರಿವೈಡ್ ಕ್ಲಾಸ್‌ರೂಮ್' ಶುರು ಮಾಡಿತು. ಉದ್ದೇಶ ಒಳ್ಳೇದು. ದೊಡ್ಡ ಊರಿನ ಕಾಲೇಜಿಗೆ ಹೋಗಲಾಗದ ವಿದ್ಯಾರ್ಥಿಗೂ ಒಳ್ಳೆಯ ಪಾಠ ಸಿಗಲಿ ಅಂತ. ಆದರೆ ಪಾಠ ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಹಳ್ಳಿಯಲ್ಲಿ ಟಿವಿ ಇದ್ದ ಮನೆ ಬೆರಳೆಣಿಕೆ. ಟಿವಿ ಇದ್ದರೂ ಆ ಹೊತ್ತಿಗೆ ಕರೆಂಟ್ ಇರಬೇಕು. ಕರೆಂಟ್ ಹೋಯ್ತು ಅಂದ್ರೆ ಆ ಪಾಠ ಹೋಯ್ತು.

2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಇದರ ಪ್ರಾಯೋಗಿಕ ಹಂತದಲ್ಲಿ ನಮ್ಮ ಬೆಳಗಾವಿಯ ವಿಟಿಯು ಕೂಡ ಇತ್ತು. ಒಬ್ಬ ಪ್ರಾಧ್ಯಾಪಕರು ಸ್ಟುಡಿಯೋದಲ್ಲಿ ಪಾಠ ಮಾಡಿದರೆ ರಾಜ್ಯದ ಹಲವು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಪರದೆಯ ಮೇಲೆ ಕಾಣ್ತಿತ್ತು. ವಿದ್ಯಾರ್ಥಿ ಪ್ರಶ್ನೆಯನ್ನೂ ಕೇಳಬಹುದಿತ್ತು. ಇದು ಮುಖ್ಯ, ನೆನಪಿಟ್ಟುಕೊಳ್ಳಿ. ಆದರೆ ಇಲ್ಲೂ ಸಮಯ ಅವರದು. ಆ ಗಂಟೆಗೆ ಅಲ್ಲಿ ಕೂತವನಿಗೆ ಮಾತ್ರ ಪಾಠ.

ಈ ಕಟ್ಟು ಬಿಚ್ಚಿದ್ದು ಎನ್‌ಪಿಟಿಇಎಲ್. 2003ರಲ್ಲಿ ಕೇಂದ್ರ ಸರ್ಕಾರದ ಹಣದಿಂದ ಏಳು ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಪಾಠಗಳನ್ನು ತಯಾರಿಸಲು ಶುರು ಮಾಡಿದವು. 2005ರಲ್ಲಿ ಯೂಟ್ಯೂಬ್ ಹುಟ್ಟಿತು. ಐಐಟಿಯ ಪಾಠ ಜಗತ್ತಿಗೇ ಪುಕ್ಕಟೆಯಾಯ್ತು. ನಾನು ಇಂಜಿನಿಯರಿಂಗ್ ಓದಿದ್ದು ಆ ಕಾಲದಲ್ಲಿ. ಹಾಸ್ಟೆಲ್‌ನಲ್ಲಿ ಯಾರೋ ಒಬ್ಬ ರಾತ್ರಿಯಿಡೀ ಡೌನ್‌ಲೋಡ್ ಮಾಡಿದ ಪಾಠ ಪೆನ್‌ಡ್ರೈವ್‌ನಲ್ಲಿ ಹತ್ತು ರೂಮು ಸುತ್ತುತ್ತಿತ್ತು. ಅರ್ಥ ಆಗಲಿಲ್ವಾ? ನಿಲ್ಲಿಸು. ಹಿಂದಕ್ಕೆ ಹೋಗು. ಮತ್ತೆ ಕೇಳು. ಉಪಗ್ರಹ ಕೊಡದ ಸೌಲಭ್ಯ ಇದು.

ಇನ್ನು 2016. ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ದರ ನೆಲಕ್ಕಿಳಿಯಿತು. ಅದೇ ವರ್ಷ ಧಾರವಾಡದಲ್ಲಿ ಐಐಟಿ ಶುರುವಾಯ್ತು. 2017ರ ಜುಲೈ 9ರಂದು ಕೇಂದ್ರ ಸರ್ಕಾರ 'ಸ್ವಯಂ' ಜಾಲತಾಣವನ್ನೂ, 32 ಚಾನೆಲ್‌ಗಳ 'ಸ್ವಯಂ ಪ್ರಭಾ'ವನ್ನೂ ಆರಂಭಿಸಿತು. ಸ್ವಯಂ ಕೋರ್ಸುಗಳಿಂದ ಶೇ 20ರಷ್ಟು ಕ್ರೆಡಿಟ್ ಪಡೆಯಬಹುದು ಅಂತಿದ್ದ ನಿಯಮವನ್ನು ಯುಜಿಸಿ 2021ರಲ್ಲಿ ಶೇ 40ಕ್ಕೆ ಏರಿಸಿತು. ಇತ್ತ 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ, ಪಾಠವೂ ಫ್ರೀ.

ಹಾಗಾದ್ರೆ ತೊಡಕು ಎಲ್ಲಿದೆ?

ಮೊದಲನೆಯದು ಭಾಷೆ. ಯೂಟ್ಯೂಬ್‌ನಲ್ಲಿ ಕನ್ನಡದ ಪಾಠ ಇಲ್ಲ ಅಂತಲ್ಲ. ಕೆಎಎಸ್, ಎಫ್‌ಡಿಎ, ಪೊಲೀಸ್ ಪರೀಕ್ಷೆಗೆ ಬೇಕಾದಷ್ಟಿದೆ, ಯಾಕೆಂದರೆ ಅಲ್ಲಿ ಕೋಚಿಂಗ್ ಮಾರುಕಟ್ಟೆ ಇದೆ. ಆದರೆ ಕನ್ನಡದಲ್ಲಿ ಬಿ.ಎ. ಓದುವ ಅಣ್ಣಿಗೇರಿಯ ಹುಡುಗಿಗೆ ಅವಳ ಸೆಮಿಸ್ಟರ್‌ನ ಅರ್ಥಶಾಸ್ತ್ರದ ಪಾಠ ಅದೇ ಗುಣಮಟ್ಟದಲ್ಲಿ ಬೇಕು. ಎನ್‌ಪಿಟಿಇಎಲ್ ತನ್ನ ಪಾಠಗಳನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ತರುವ ಕೆಲಸ ಮಾಡ್ತಿದೆ. ಒಳ್ಳೇದು. ಆದರೆ ಅಲ್ಲಿ ಇಂಜಿನಿಯರಿಂಗ್‌ಗೆ ಮೊದಲ ಮಣೆ, ಬಿ.ಎ. ವಿದ್ಯಾರ್ಥಿಯ ಪಾಳಿ ಕೊನೆಗೆ.

ಎರಡನೆಯದು ಇನ್ನೂ ದೊಡ್ಡದು. ಅದನ್ನ ಹೇಳೋಕೆ ಇದೇ ಜಿಲ್ಲೆಯ ಕುಂದಗೋಳಕ್ಕೆ ಹೋಗಬೇಕು.

ಗದುಗಿನಲ್ಲಿ ಬೆಳೆದ ಒಬ್ಬ ಹುಡುಗ ಅಬ್ದುಲ್ ಕರೀಂ ಖಾನ್ ಅವರ ಠುಮ್ರಿಯ ಗ್ರಾಮಫೋನ್ ರೆಕಾರ್ಡ್ ಕೇಳಿದ. ಆ ದನಿ ಅವನನ್ನ ಹಿಡಿದುಬಿಟ್ಟಿತು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ಉತ್ತರ ಭಾರತವೆಲ್ಲ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಕುಂದಗೋಳದಲ್ಲಿ: ಸವಾಯಿ ಗಂಧರ್ವರು, ಆ ರೆಕಾರ್ಡಿನ ಅಬ್ದುಲ್ ಕರೀಂ ಖಾನರ ಶಿಷ್ಯರೇ! 1936ರಿಂದ ಕೆಲವು ವರ್ಷ ಗುರುವಿನ ಮನೆಯಲ್ಲಿದ್ದು, ನೀರು ಹೊತ್ತು, ಸಾಧನೆ ಮಾಡಿದ ಆ ಹುಡುಗನೇ ಭೀಮಸೇನ ಜೋಶಿ. ಅದೇ ಗುರುವಿನ ಹತ್ತಿರ ಕಲಿಯೋಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬರ್ತಿದ್ದರು.

ಇಲ್ಲಿ ರೆಕಾರ್ಡು ಮಾಡಿದ ಕೆಲಸ ಏನು? ಹಸಿವು ಹುಟ್ಟಿಸಿತು. ನೂರು ಸಲ ಹಾಕಿದರೂ ಅಷ್ಟೇ ಚೆನ್ನಾಗಿ ಹಾಡಿತು. ಆದರೆ "ತಮ್ಮಾ, ಸ್ವರ ತಪ್ಪೈತಿ, ಇನ್ನೊಮ್ಮೆ ಹಾಡು" ಅಂತ ಅದು ಹೇಳಲಿಲ್ಲ. ಹೇಳೋಕೆ ಎದುರಿಗೆ ಗುರು ಬೇಕಾಯ್ತು.

ಇವತ್ತಿನ ವಿಡಿಯೋ ಕೂಡ ಹಾಗೇ. ವಿದ್ಯಾರ್ಥಿಯ ತಪ್ಪು ಅದಕ್ಕೆ ಕಾಣೋದಿಲ್ಲ. ಕಾಣಬೇಕಾದವರು ಕಾಲೇಜಿನ ಉಪನ್ಯಾಸಕರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದು ಸಾವಿರಾರು ಅತಿಥಿ ಉಪನ್ಯಾಸಕರ ಮೇಲೆ. 2023ರ ನವೆಂಬರ್‌ನಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ಮುಷ್ಕರಕ್ಕೆ ಕೂತಾಗ ರಾಜ್ಯದಾದ್ಯಂತ ತರಗತಿಗಳು ಖಾಲಿ ಹೊಡೆದವು. ಆಗ ಯೂಟ್ಯೂಬ್ ಇರಲಿಲ್ವಾ? ಇತ್ತು. ಮಕ್ಕಳ ಕೈಯಲ್ಲೇ ಇತ್ತು. ಆದರೂ ಮಕ್ಕಳು ಕೇಳಿದ್ದು ಲೆಕ್ಚರರ್‌ನ್ನೇ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಕಾಲೇಜಿನಲ್ಲಿ ವಾರಕ್ಕೆ ಎರಡು ಗಂಟೆ ಪ್ರೊಜೆಕ್ಟರ್ ಹಾಕಿ. ಪಾಠವನ್ನು ಮೊದಲೇ ಡೌನ್‌ಲೋಡ್ ಮಾಡಿಡಿ, ನೆಟ್‌ವರ್ಕ್‌ನ ಹಂಗು ಬೇಡ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಉಪನ್ಯಾಸಕರು ಕನ್ನಡದಲ್ಲಿ ಬಿಡಿಸಿ ಹೇಳಲಿ, ಮಕ್ಕಳಿಂದ ಬೋರ್ಡಿನ ಮೇಲೆ ಲೆಕ್ಕ ಮಾಡಿಸಲಿ. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ತನ್ನದೇ ಪಠ್ಯಕ್ಕೆ ತಕ್ಕ ಕನ್ನಡ ಪಾಠಗಳನ್ನು ಮಾಡಿಸುವ ಶಕ್ತಿ ಇದೆ. ವಿದ್ಯಾರ್ಥಿಗಳೇ, ನೀವೂ ಅಷ್ಟೇ. ವಿಡಿಯೋ ನೋಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಅರ್ಥವಾಗದ್ದನ್ನು ಬರೆದಿಟ್ಟು ಮರುದಿನ ಕ್ಲಾಸಿನಲ್ಲಿ ಕೇಳಿ.

ಸರ್ಕಾರಕ್ಕೆ ಒಂದೇ ಮಾತು. ಪುಕ್ಕಟೆ ವಿಡಿಯೋ ತೋರಿಸಿ ಖಾಲಿ ಹುದ್ದೆಗಳನ್ನು ಹಾಗೇ ಬಿಡಬೇಡಿ. ಕಲಘಟಗಿಯ ಮಗು ನಾಳೆ ಆ ನೋಟ್‌ಬುಕ್ ಹಿಡ್ಕೊಂಡು ಕಾಲೇಜಿಗೆ ಬಂದಾಗ ಉತ್ತರ ಹೇಳೋಕೆ ಅಲ್ಲಿ ಒಬ್ಬರು ಇರಬೇಕು.