ಚಿನ್ನದ ನಾಡಿನಲ್ಲಿ ಚಿಲ್ಲರೆಗೆ ಬರ

ನಮ್ಮೂರು ಹಟ್ಟಿ ಅಂದ ಕೂಡಲೇ ಎಲ್ಲರೂ ಕೇಳೋದು ಚಿನ್ನದ ಗಣಿಯ ಬಗ್ಗೆ. ಹಳೇ ಕಾಲದವರು ಇಲ್ಲಿ 640 ಅಡಿ ಆಳದವರೆಗೆ ಅಗೆದಿದ್ದರು ಅಂದರೆ ಇನ್ನೂ ಬೆರಗಾಗುತ್ತಾರೆ. ಆದರೆ ಚಿನ್ನ ಕೊಟ್ಟು ಸಂತೆಯಲ್ಲಿ ಉಪ್ಪು, ಎಣ್ಣೆ ತರೋಕಾಗುತ್ತಾ? ಅದಕ್ಕೆ ಚಿಲ್ಲರೆ ಬೇಕು. ಹಂಪಿಯ ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದ ಕಥೆ ನಮಗೆಲ್ಲ ಬಾಯಿಪಾಠ, ಚಿಲ್ಲರೆಯ ಕಥೆ ಮಾತ್ರ ಯಾರೂ ಹೇಳಲ್ಲ.

1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಇದರ ಲೆಕ್ಕ ಬರೆದಿಟ್ಟಿದ್ದಾನೆ. ವರಹದ ಅರ್ಧ ಪ್ರತಾಪ, ಅದರ ಹತ್ತನೇ ಒಂದು ಭಾಗ ಹಣ. ಈ ಮೂರೂ ಚಿನ್ನದವು. ಹಣದ ಆರನೇ ಒಂದು ಭಾಗ ಬೆಳ್ಳಿಯ ತಾರ, ತಾರದ ಮೂರನೇ ಒಂದು ಭಾಗ ತಾಮ್ರದ ಜೀತಲ್. ಅಂದರೆ ಒಂದು ವರಹಕ್ಕೆ 120 ತಾರ! ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರೋದು ಹಣ, ತಾರವೂ ಚೆನ್ನಾಗಿ ಓಡುತ್ತೆ ಅಂತಾನೆ. ಆದರೆ ಇವತ್ತು ಸಿಗುವ ವಿಜಯನಗರದ ನಾಣ್ಯಗಳಲ್ಲಿ ಬೆಳ್ಳಿಯವು ಬಹಳ ಅಪರೂಪ.

ಸಣ್ಣ ನಾಣ್ಯ ಟಂಕಿಸೋದು ಯಾವ ಟಂಕಸಾಲೆಗೂ ಲಾಭದ ಕೆಲಸವಲ್ಲ. ನೂರು ಗ್ರಾಂ ಬೆಳ್ಳಿಯಲ್ಲಿ ಹತ್ತು ಗ್ರಾಮಿನ ನಾಣ್ಯ ಮಾಡಿದರೆ ಹತ್ತು ಸಲ ಕತ್ತರಿಸಿ, ತೂಗಿ, ಅಚ್ಚು ಹೊಡೆದರೆ ಮುಗೀತು. ಅರ್ಧ ಗ್ರಾಮಿನವಾದರೆ ಅದೇ ಕೆಲಸ 200 ಸಲ. ಬೆಳ್ಳಿ ಅಷ್ಟೇ, ಕೂಲಿ ಇಪ್ಪತ್ತು ಪಟ್ಟು. ನಮ್ಮ ಸಾಫ್ಟ್‌ವೇರಿನವರಿಗೆ ಇದು ಗೊತ್ತಿರೋ ತಲೆನೋವೇ: ಎರಡಕ್ಷರ ಕಳಿಸೋಕೆ ಇಪ್ಪತ್ತಕ್ಷರದ ವಿಳಾಸ ಅಂಟಿಸಬೇಕು :-)

ಯುರೋಪೂ ಇದರಲ್ಲೇ ಒದ್ದಾಡಿತು. ಇಂಗ್ಲೆಂಡಿನ ಬೆಳ್ಳಿ ಪೆನ್ನಿ 1601ರ ಹೊತ್ತಿಗೆ ಅರ್ಧ ಗ್ರಾಮಿಗೆ ಇಳಿದಿತ್ತು. ಅರ್ಧ ಪೆನ್ನಿ ಕಾಲು ಗ್ರಾಂ, ಬೆರಳಿನ ಸಂದಿಯಲ್ಲಿ ಜಾರಿದರೆ ಹೋಯ್ತು. 1648ರಿಂದ ಲಂಡನ್ನಿನ ಅಂಗಡಿಯವರು ಬೇಸತ್ತು ತಮ್ಮದೇ ಟೋಕನ್ನುಗಳನ್ನು ಮಾಡಿಸಿಕೊಂಡರು. 1672ರಲ್ಲಿ ಎರಡನೇ ಚಾರ್ಲ್ಸ್ ತಾಮ್ರದ ಚಿಲ್ಲರೆ ಹೊರಡಿಸಿದ ಮೇಲೆ ಅವು ನಿಂತವು.

ಸರಿಯಾಗಿ ಅದೇ ಕಾಲದಲ್ಲಿ ನಮ್ಮ ದೋಆಬು ಬಿಜಾಪುರದ ಕೈಯಲ್ಲಿತ್ತು. ಎರಡನೇ ಅಲಿ ಆದಿಲ್‌ಶಾಹ (1656-72) ಒಂದು ವಿಚಿತ್ರ ಬೆಳ್ಳಿ ನಾಣ್ಯ ಹೊರಡಿಸಿದ, ಅದೇ ಲಾರಿ. ಪರ್ಷಿಯಾದ ಲಾರ್ ಊರಿನಿಂದ ಬಂದ ಹೆಸರು. ದುಂಡಗಿಲ್ಲ, ಬಿಲ್ಲೆಯೂ ಅಲ್ಲ! ಬೆಳ್ಳಿ ತಂತಿಯನ್ನು ಹೇರ್‌ಪಿನ್ನಿನ ಹಾಗೆ ಮಡಚಿ, ಮೇಲೆ ಅಚ್ಚು ಒತ್ತಿದ್ದು. ತೂಕ ಸುಮಾರು ಐದು ಗ್ರಾಂ, ರೂಪಾಯಿಯ ಅರ್ಧಕ್ಕಿಂತ ಕಡಿಮೆ. ಒಂದೇ ದಪ್ಪದ ತಂತಿಯನ್ನು ಒಂದೇ ಉದ್ದಕ್ಕೆ ಕತ್ತರಿಸಿದರೆ ತೂಕ ತಾನಾಗೇ ಸರಿಹೋಗುತ್ತೆ. ಬಿಲ್ಲೆ ತಟ್ಟುವ ಕೆಲಸ ಉಳೀತು.

ಕೊಂಕಣದ ಬಂದರು ವ್ಯಾಪಾರಕ್ಕೆ ಲಾರಿ ಒಳ್ಳೇದಿತ್ತು. ಇದರ ಬೆಳ್ಳಿ ಬಹುಪಾಲು ಸಮುದ್ರದಾಚೆಯದು. 1545ರಲ್ಲಿ ಪೊಟೊಸಿಯಲ್ಲಿ ಸಿಕ್ಕ ಗಣಿಯ ಬೆಳ್ಳಿ ಸ್ಪೇನಿನ ರಿಯಾಲ್ ಆಗಿ ಪರ್ಷಿಯಾ ಕೊಲ್ಲಿಗೆ ಬಂದು, ಕರಗಿ ಲಾರಿಯಾಗುತ್ತಿತ್ತು. ಮಾಲ್ಡೀವ್ಸ್‌ನಲ್ಲಿ ಇವತ್ತಿಗೂ ರುಫಿಯಾದ ನೂರನೇ ಒಂದು ಭಾಗಕ್ಕೆ ಲಾರಿ ಅಂತಲೇ ಹೆಸರು. ಆದರೆ ಅಲ್ಲೂ ಚಿಲ್ಲರೆ ಸಾಲಲಿಲ್ಲ: 1602ರಲ್ಲಿ ಹಡಗು ಒಡೆದು ಆ ದ್ವೀಪಗಳಲ್ಲಿ ಸಿಕ್ಕಿಬಿದ್ದ ಫ್ರಾನ್ಸಿನ ಪಿರಾರ್ ಹೇಳುವಂತೆ, ಒಂದು ಲಾರಿಗೆ 12,000 ಕವಡೆ!

ಈ ಚಿಲ್ಲರೆ ಬರದ ಪೆಟ್ಟು ತಿಂದವರು ಯಾರು? ವರಹದಲ್ಲಿ ವ್ಯವಹರಿಸುವ ಸಾಹುಕಾರನಂತೂ ಅಲ್ಲ. ದುಡಿದಿದ್ದನ್ನು ಚಿನಿವಾರನ ಹತ್ತಿರ ಮುರಿಸಿ, ವಟ್ಟ ಕೊಟ್ಟು, ಉಳಿದಿದ್ದರಲ್ಲಿ ಜೋಳ ತರುವವನು. ಚಿಲ್ಲರೆ ಇಲ್ಲದಿದ್ದರೆ ಅವನು ಅಂಗಡಿಯವನ ಲೆಕ್ಕದ ಪುಸ್ತಕಕ್ಕೆ ಬೀಳಬೇಕು.

ಅರಸರು ಮರೆತರೂ ಭಾಷೆ ಮರೆಯಲಿಲ್ಲ ನೋಡಿ. ಕನ್ನಡದಲ್ಲಿ ಸಂಪತ್ತಿಗೆ ಯಾರೂ 'ವರಹ' ಅನ್ನಲ್ಲ. ಅರ್ಧ ಗ್ರಾಂ ಕೂಡ ತೂಗದ ಪುಟ್ಟ ನಾಣ್ಯದ ಹೆಸರೇ 'ಹಣ' ಆಯ್ತು. 'ಕಾಸು', 'ದುಡ್ಡು' ಎರಡೂ ತಾಮ್ರದ ಬಿಲ್ಲೆಗಳು. ನಿಮ್ಮ ಕಡೆ ಇಂಥ ಹಳೇ ಚಿಲ್ಲರೆಯ ಹೆಸರು ಇನ್ನೂ ಯಾವುದಾದರೂ ಮಾತಿನಲ್ಲಿ ಉಳಿದಿದೆಯಾ? ಗೊತ್ತಿದ್ದರೆ ಹೇಳಿ.