ನೋಂದಣಿ ಪುಸ್ತಕದಲ್ಲಿ ಮಿಡ್‌ವೈಫ್‌ಗೆ ಎಲ್ಲಿ ಜಾಗ?

ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ರಾಜ್ಯದ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿದವರು ಆರ್‌ಎನ್ (ನೋಂದಾಯಿತ ನರ್ಸ್) ಮಾತ್ರವಲ್ಲ, ಆರ್‌ಎಂ (ನೋಂದಾಯಿತ ಮಿಡ್‌ವೈಫ್) ಕೂಡ ಆಗುತ್ತಾರೆ. ಓದಿದ್ದು ಒಂದೇ ಕೋರ್ಸು, ಸಿಗುವುದು ನರ್ಸ್ ಮತ್ತು ಮಿಡ್‌ವೈಫ್ ಎಂಬ ಎರಡು ಅರ್ಹತೆ. ಅನುಕೂಲದ ಏರ್ಪಾಡಿನಂತೆ ಕಾಣುವ ಇದರಲ್ಲೇ ಹೆರಿಗೆ ಮಾಡಿಸುವ ವೃತ್ತಿ ತನ್ನ ಸ್ವಂತ ನೆಲೆಯನ್ನು ಕಳೆದುಕೊಂಡಿತು.

ಮೊದಲು ಹೀಗಿರಲಿಲ್ಲ. 1926ರ ಮದ್ರಾಸ್ ಕಾಯ್ದೆ ನರ್ಸ್ ಮತ್ತು ಮಿಡ್‌ವೈಫ್ ಇಬ್ಬರನ್ನೂ ಹೆಸರಿಸಿತ್ತು. 1935ರ ಮುಂಬಯಿ ಕಾಯ್ದೆ ಹೆಲ್ತ್ ವಿಸಿಟರ್ ಎಂಬ ಮೂರನೇ ವರ್ಗವನ್ನು ಸೇರಿಸಿತು. ಮಂಗಳೂರು, ಬಳ್ಳಾರಿ ಮದ್ರಾಸಿಗೂ, ಧಾರವಾಡ, ಬೆಳಗಾವಿ ಮುಂಬಯಿಗೂ ಸೇರಿದ್ದ ಕಾಲವದು. ಏಕೀಕರಣದ ಬಳಿಕ ನಮ್ಮ ರಾಜ್ಯದ 1961ರ ಕಾಯ್ದೆಯೂ ಈ ಮೂರೂ ವರ್ಗಗಳನ್ನು ಉಳಿಸಿಕೊಂಡಿತು. ಆದರೆ 1947ರಲ್ಲಿ ಬಂದ ಕೇಂದ್ರ ಕಾಯ್ದೆಯ ಹೆಸರು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ. ಮಿಡ್‌ವೈಫರಿ ಅದರೊಳಗಿನ ಒಂದು ಭಾಗವಾಯಿತು.

ಆಗಿನ ಕೊರತೆಯನ್ನೂ ನೆನೆಯಬೇಕು. ಇಡೀ ದೇಶಕ್ಕೆ ಇದ್ದವರು ಸುಮಾರು 7,000 ನರ್ಸ್‌ಗಳು, 5,000 ಮಿಡ್‌ವೈಫ್‌ಗಳು ಎಂದು 1946ರ ಭೋರ್ ಸಮಿತಿ ಲೆಕ್ಕ ಕೊಟ್ಟಿತ್ತು. ಹಳ್ಳಿಗಳನ್ನು ಬೇಗ ತಲುಪಲೆಂದು 1950ರ ದಶಕದ ಆರಂಭದಲ್ಲಿ ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎಂಬ ಹೊಸ ವರ್ಗ ಹುಟ್ಟಿತು. ಬಸುರಿ, ಬಾಣಂತಿ, ಎಳೆಗೂಸಿನ ಆರೈಕೆಯೇ ಅವರ ಮುಖ್ಯ ಕೆಲಸವಾಗಿತ್ತು.

ಅದು ಹೆಚ್ಚು ಕಾಲ ಉಳಿಯಲಿಲ್ಲ. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಎಎನ್‌ಎಂಗಳನ್ನು ವಿವಿಧೋದ್ದೇಶ ಆರೋಗ್ಯ ಕಾರ್ಯಕರ್ತೆಯರನ್ನಾಗಿಸಲು, ಎಲ್‌ಎಚ್‌ವಿಗಳನ್ನು (ಲೇಡಿ ಹೆಲ್ತ್ ವಿಸಿಟರ್‌ಗಳನ್ನು) ಅವರ ಮೇಲ್ವಿಚಾರಕಿಯರನ್ನಾಗಿಸಲು ಶಿಫಾರಸು ಮಾಡಿತು. 1977ರಲ್ಲಿ ಎಎನ್‌ಎಂ ತರಬೇತಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು. ಲಸಿಕೆ, ಕುಟುಂಬ ಯೋಜನೆಯ ಗುರಿ, ಮಲೇರಿಯಾ ಸಮೀಕ್ಷೆ, ರಿಜಿಸ್ಟರ್ ಬರೆಯುವುದು ಎಲ್ಲ ಅವರ ಹೆಗಲೇರಿದಾಗ ಹೆರಿಗೆಯ ಕೈಚಳಕ ಹಿಂದೆ ಸರಿಯಿತು. ಕರ್ನಾಟಕದಲ್ಲಿ ಅವರಿಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಗೌರವದ ಹುದ್ದೆ ಹೆಸರಿದೆ. ಆ ಗೌರವ ಅವರಿಗೆ ಸಲ್ಲಬೇಕಾದದ್ದೇ. ಆದರೆ ಆ ಹೆಸರಿನಲ್ಲೂ ಹೆರಿಗೆಯ ಸುಳಿವಿಲ್ಲ.

ಆಸ್ಪತ್ರೆಯೊಳಗಿನ ಕಥೆ ಬೇರೆ, ಫಲ ಒಂದೇ. ಹೆರಿಗೆ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು, ನೋವಿನ ಏರಿಳಿತ ನೋಡಿಯೇ ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಗುರುತಿಸಬಲ್ಲ ಸಿಸ್ಟರ್‌ಗೆ ಮುಂದಿನ ಸರದಿಯಲ್ಲಿ ಮೂಳೆ ವಾರ್ಡಿನ ಡ್ಯೂಟಿ ಬೀಳಬಹುದು. ಅವರ ಜಾಗಕ್ಕೆ ಬರುವವರೂ ಆರ್‌ಎಂ ಆದ್ದರಿಂದ ಕಾಗದದ ಮೇಲೆ ಯಾವ ಕೊರತೆಯೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡ ಅನ್ಯಾಯ ಇದೇ.

ಈ ಯಾವ ಪುಸ್ತಕಕ್ಕೂ ಸೇರದೆ ಉಳಿದವರು ಊರಿನ ಸೂಲಗಿತ್ತಿಯರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿದ್ದೂ ಆ ತಿಂಗಳಲ್ಲೇ. ನೋಂದಾಯಿತ ನರ್ಸ್‌ಗಳಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಯ ಹೊಣೆಯನ್ನು ಅವರಿಗೇ ವಹಿಸುವ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಎಂಬ ವರ್ಗ ಹೀಗೆ ರೂಪುಗೊಂಡಿತು. ಸಿಜೇರಿಯನ್ ಹೆಚ್ಚುತ್ತಿರುವಾಗ ಇದು ಬರಲೇಬೇಕಿದ್ದ ಹೆಜ್ಜೆ. ಆದರೂ ಇಲ್ಲಿ ಮಿಡ್‌ವೈಫ್ ಆಗಬೇಕಾದರೆ ಮೊದಲು ನರ್ಸ್ ಆಗಿರಲೇಬೇಕು.

2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ 1947ರ ಕಾಯ್ದೆಯ ಜಾಗಕ್ಕೆ ಬಂದದ್ದು. 29 ಸದಸ್ಯರ ಆಯೋಗ, ನೋಂದಣಿಗೂ ವೃತ್ತಿನೀತಿಗೂ ಪ್ರತ್ಯೇಕ ಮಂಡಳಿ, ಆನ್‌ಲೈನ್ ರಿಜಿಸ್ಟರು ಅದರಲ್ಲಿವೆ. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮಿಡ್‌ವೈಫರಿ ಕಾಯ್ದೆಯ ಹೆಸರಿನೊಳಕ್ಕೆ ಬಂದಿದೆ. ಇನ್ನು ರಾಜ್ಯಗಳು ಮಿಡ್‌ವೈಫ್‌ಗೆಂದೇ ಹುದ್ದೆ, ವೇತನ ಶ್ರೇಣಿ, ಬಡ್ತಿಯ ದಾರಿ ನಿಗದಿಪಡಿಸಬೇಕು. ತರಬೇತಿ ಪಡೆದು ಬಂದವರನ್ನು ಹೆರಿಗೆ ಕೋಣೆಯಿಂದ ಎತ್ತಂಗಡಿ ಮಾಡಕೂಡದು.