ಸಿಎಫ್‌ಟಿಆರ್‌ಐ ವಿಜ್ಞಾನಿ ಕಟ್ಟಿದ ‘ವಿಜ್ಞಾನ ಆಶ್ರಮ’: ಇದನ್ನ ನಡೆಸೋರು ಯಾರು? ಇಲ್ಲಿದೆ ಪೂರ್ತಿ ಮಾಹಿತಿ

ಮೈಸೂರು: ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಪ್ರತಿ ಊರಲ್ಲೂ ಕೇಳೋ ಮಾತು ಒಂದೇ. ಫೇಲಾದ ಹುಡುಗರ ಮುಂದಿನ ದಾರಿ ಏನು? ಮಹಾರಾಷ್ಟ್ರದ ಪಾಬಳ ಅನ್ನೋ ಹಳ್ಳಿ ಈ ಪ್ರಶ್ನೆಗೆ 1983ರಿಂದಲೂ ಉತ್ತರ ಕೊಡುತ್ತಾ ಬಂದಿದೆ. ಅಲ್ಲಿರುವ ವಿಜ್ಞಾನ ಆಶ್ರಮದಲ್ಲಿ ಶಾಲೆ ಬಿಟ್ಟ ಮಕ್ಕಳು ವೆಲ್ಡಿಂಗ್, ವೈರಿಂಗ್, ಬೇಸಾಯ ಎಲ್ಲವನ್ನೂ ಮಾಡ್ತಾ ಮಾಡ್ತಾ ಕಲಿಯುತ್ತಾರೆ.

ಇದನ್ನು ಕಟ್ಟಿದವರು ಡಾ. ಶ್ರೀನಾಥ ಶೇಷಗಿರಿ ಕಲಬಾಗ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ವಿಜ್ಞಾನಿ. ಅವರು 2003ರಲ್ಲಿ ತೀರಿಕೊಂಡರು, ಆಶ್ರಮ ಮಾತ್ರ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ ಅಂತ ತಿಳಿಯಬೇಕಾದರೆ ಅದನ್ನು ಯಾರ್ಯಾರು ನಡೆಸುತ್ತಾರೆ ಅನ್ನೋದನ್ನ ನೋಡಬೇಕು.

ಸ್ಥಾಪಕರು: ದೊಡ್ಡ ಕೆಲಸ ಬಿಟ್ಟು ಹಳ್ಳಿಗೆ

ಕಲಬಾಗ ಹುಟ್ಟಿದ್ದು 1928ರಲ್ಲಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಆಹಾರ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡಿದರು. ಸಿಎಫ್‌ಟಿಆರ್‌ಐ ನಂತರ ಮುಂಬೈನ ಹಿಂದೂಸ್ತಾನ್ ಲೀವರ್ ಸಂಶೋಧನಾ ಕೇಂದ್ರ ಸೇರಿ ವಿಭಾಗದ ಮುಖ್ಯಸ್ಥರಾದರು. ಅವಧಿಗೆ ಮುಂಚೆಯೇ ನಿವೃತ್ತಿ ತಗೊಂಡು ಪಾಬಳಕ್ಕೆ ಬಂದು ಕೂತರು.

ಪಾಬಳ ಇರೋದು ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ. ಮಳೆ ಕಮ್ಮಿ, ಬರದ ಸೀಮೆ. ಇಲ್ಲಿ ನಡೆದದ್ದು ಬೇರೆ ಯಾವ ಹಳ್ಳಿಯಲ್ಲಾದರೂ ನಡೆಯಬಹುದು ಅನ್ನೋದು ಅವರ ಲೆಕ್ಕ. ಹಳ್ಳಿ ಮಕ್ಕಳು ದಡ್ಡರಲ್ಲ, ಕೈಗೆ ಕೆಲಸ ಕೊಟ್ಟರೆ ತಲೆಯೂ ಓಡುತ್ತೆ ಅನ್ನೋದು ಅವರ ನಂಬಿಕೆ. 1937ರಲ್ಲಿ ಗಾಂಧೀಜಿ ಮುಂದಿಟ್ಟ ‘ನಯೀ ತಾಲೀಮ್’ ಹೇಳಿದ್ದೂ ಇದನ್ನೇ.

ಬೆನ್ನಿಗೆ ನಿಂತ ಸಂಸ್ಥೆ

ಕಲಬಾಗ ಒಬ್ಬರೇ ಒಂದು ಟ್ರಸ್ಟ್ ಮಾಡಿಕೊಂಡು ಹೊರಡಲಿಲ್ಲ. ಪುಣೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನ ಒಂದು ಭಾಗವಾಗಿ ಆಶ್ರಮ ಶುರುವಾಯಿತು. ಆ ಸಂಸ್ಥೆಯನ್ನು ಕಟ್ಟಿದವರು ಶಿಕ್ಷಣ ತಜ್ಞ ಜೆ.ಪಿ. ನಾಯಕ್. 1964-66ರ ಕೊಠಾರಿ ಶಿಕ್ಷಣ ಆಯೋಗದ ಸದಸ್ಯ ಕಾರ್ಯದರ್ಶಿ ಆಗಿದ್ದವರು ಇವರೇ.

ಇದರಿಂದ ಒಂದು ಲಾಭ ಆಯಿತು. ಹಳ್ಳಿಯಲ್ಲಿ ದಿನದ ಕೆಲಸ ನೋಡೋರು ಒಬ್ಬರು, ಮೇಲಿನ ಹೊಣೆ ಹೊರುವ ಸಂಸ್ಥೆ ಇನ್ನೊಂದು. ಎಲ್ಲಾ ಭಾರ ಒಬ್ಬ ಮನುಷ್ಯನ ಮೇಲೆ ಬೀಳಲಿಲ್ಲ.

ಕಲಬಾಗ ನಂತರದ ಮುಂದಾಳು

ಕಲಬಾಗ ನಂತರ ಆಶ್ರಮದ ಹೊಣೆ ಹೊತ್ತವರು ಡಾ. ಯೋಗೇಶ್ ಕುಲಕರ್ಣಿ. ಇವರು ಹೊರಗಿಂದ ಕರೆಸಿ ಕೂರಿಸಿದ ಅಧಿಕಾರಿ ಅಲ್ಲ. ಕಲಬಾಗ ಇದ್ದಾಗಲೇ ಆಶ್ರಮ ಸೇರಿ, ಅವರ ಜೊತೆ ಕೆಲಸ ಮಾಡಿ ಬೆಳೆದವರು. ಸ್ಥಾಪಕರು ಹೋದ ಮೇಲೆ ಬಾಗಿಲು ಮುಚ್ಚುವ ಸಂಸ್ಥೆಗಳು ಎಷ್ಟೋ ಇವೆ. ಇಲ್ಲಿ ಮುಂದಿನವರು ಮೊದಲೇ ತಯಾರಾಗಿದ್ದರು.

ನಿಜವಾಗಿ ನಡೆಸೋರು: ಕೆಲಸ ಗೊತ್ತಿರೋ ಮೇಷ್ಟ್ರುಗಳು

ಆಶ್ರಮದ ಕಲಿಕೆ ನಾಲ್ಕು ವಿಭಾಗಗಳಲ್ಲಿ ನಡೆಯುತ್ತೆ.

• ವರ್ಕ್‌ಶಾಪ್: ವೆಲ್ಡಿಂಗ್, ಬಡಗಿ ಕೆಲಸ, ಕಟ್ಟಡ ಕೆಲಸ
• ಶಕ್ತಿ ಮತ್ತು ಪರಿಸರ: ವೈರಿಂಗ್, ಸೋಲಾರ್, ಗೋಬರ್ ಗ್ಯಾಸ್, ಜಮೀನು ಸರ್ವೆ
• ಕೃಷಿ ಮತ್ತು ಪಶುಪಾಲನೆ: ನರ್ಸರಿ, ಕೋಳಿ, ಹಸು, ಮಣ್ಣು ಪರೀಕ್ಷೆ
• ಮನೆ ಮತ್ತು ಆರೋಗ್ಯ: ಹೊಲಿಗೆ, ಆಹಾರ ತಯಾರಿ, ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್ ಪರೀಕ್ಷೆ

ವಿದ್ಯಾರ್ಥಿಗಳು ಒಂದು ವರ್ಷ ಅಲ್ಲೇ ಉಳಿದು ಈ ನಾಲ್ಕನ್ನೂ ಕಲಿಯಬೇಕು. ಒಂದನ್ನೇ ಹಿಡಿದು ಕೂರುವಂತಿಲ್ಲ. ಕೊನೆಗೆ ಸಿಗೋದು ಗ್ರಾಮೀಣ ತಂತ್ರಜ್ಞಾನದ ಡಿಪ್ಲೊಮಾ. ಇದಕ್ಕೆ ಎನ್‌ಐಒಎಸ್ ಮಾನ್ಯತೆ ಇದೆ. ಎಸ್ಸೆಸ್ಸೆಲ್ಸಿ ಫೇಲಾಗಿದ್ದರೂ ಅಡ್ಡಿ ಇಲ್ಲ.

ಕಲಿಯೋ ಕೆಲಸ ಬರೀ ಪ್ರಾಕ್ಟಿಕಲ್ ರೆಕಾರ್ಡ್ ತುಂಬಿಸೋಕೆ ಅಲ್ಲ. ಊರಿನವರಿಗೆ ಬೇಕಾದ ಗೇಟು, ಶೆಡ್ಡು, ಸಸಿಗಳನ್ನೇ ಮಾಡುತ್ತಾರೆ. ತಪ್ಪಾದರೆ ತಗೊಂಡವರು ಬಂದು ಕೇಳ್ತಾರೆ. ಹಾಗಾಗಿ ಕಲಿಸೋ ಮೇಷ್ಟ್ರಿಗೆ ಪಾಠದ ಜೊತೆ ಲೆಕ್ಕ, ಗಿರಾಕಿ, ಗುಣಮಟ್ಟ ಎಲ್ಲದರ ಹೊಣೆಯೂ ಇರುತ್ತೆ. ಇಲ್ಲಿ ಕಲಿತವರೇ ಮುಂದೆ ಕಲಿಸೋಕೆ ನಿಂತದ್ದೂ ಉಂಟು.

ಬಾವಿ ತೋಡೋಕೆ ಮುಂಚೆ ನೆಲದಡಿ ನೀರು ಎಲ್ಲಿದೆ ಅಂತ ಯಂತ್ರ ಇಟ್ಟು ಹುಡುಕೋ ಕೆಲಸವನ್ನೂ ಆಶ್ರಮ ಹಳ್ಳಿ ಹುಡುಗರಿಗೆ ಕಲಿಸಿತು. ಕಮ್ಮಿ ಖರ್ಚಿನ ಗುಮ್ಮಟದಾಕಾರದ ಮನೆ ‘ಪಾಬಳ ಡೋಮ್’, ಸಣ್ಣ ಟ್ರ್ಯಾಕ್ಟರ್ ‘ಮೆಕ್‌ಬುಲ್’ ಸಹ ಇಲ್ಲಿಯದೇ.

ಶಾಲೆಗಳಲ್ಲಿ: ಊರಿನ ವೆಲ್ಡರೇ ಗುರು

ಇದೇ ಪದ್ಧತಿಯನ್ನು ಆಶ್ರಮ ಹೈಸ್ಕೂಲುಗಳಿಗೂ ಒಯ್ದಿದೆ. 8ರಿಂದ 10ನೇ ಕ್ಲಾಸಿನ ಮಕ್ಕಳಿಗೆ ವಾರದಲ್ಲಿ ಒಂದು ದಿನ ಈ ನಾಲ್ಕು ವಿಭಾಗಗಳ ಕೆಲಸ. ಕಲಿಸೋಕೆ ಬಿ.ಎಡ್ ಮಾಡಿದವರೇ ಬೇಕು ಅಂತಿಲ್ಲ. ಅದೇ ಊರಿನ ವೆಲ್ಡರ್, ಎಲೆಕ್ಟ್ರಿಷಿಯನ್, ನರ್ಸರಿ ಇಟ್ಟವರು, ಟೈಲರಿಂಗ್ ಮಾಡೋರು ಬಂದು ಹೇಳಿಕೊಡುತ್ತಾರೆ.

ಎಂಐಟಿ ಬಂದದ್ದು

ಅಮೆರಿಕದ ಎಂಐಟಿಯ ಪ್ರೊಫೆಸರ್ ನೀಲ್ ಗೆರ್ಶನ್‌ಫೆಲ್ಡ್ ಶುರು ಮಾಡಿದ ‘ಫ್ಯಾಬ್ ಲ್ಯಾಬ್’ 2002ರಲ್ಲಿ ಪಾಬಳಕ್ಕೆ ಬಂತು. ಎಂಐಟಿ ಹೊರಗೆ ಮೊದಲು ತೆರೆದ ಫ್ಯಾಬ್ ಲ್ಯಾಬ್ ಅಂತ ಹೆಸರಾಗಿರೋದು ಇದೇ. ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡಿ ಯಂತ್ರದಲ್ಲಿ ಕತ್ತರಿಸಿ ತಯಾರಿಸೋ ಜಾಗ ಇದು. ಹಾಲಿನ ಗುಣಮಟ್ಟ ಅಳೆಯೋದು, ಡೀಸೆಲ್ ಎಂಜಿನ್ ಟ್ಯೂನ್ ಮಾಡೋದು ಇಲ್ಲಿ ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳು. ಈಗ ಜಗತ್ತಿನಲ್ಲಿ ಇಂಥ ಲ್ಯಾಬ್‌ಗಳು ಸಾವಿರಕ್ಕೂ ಹೆಚ್ಚಿವೆ. ಪಾಬಳದಲ್ಲಿ ಯಂತ್ರ ಬರೋಕೆ 19 ವರ್ಷ ಮುಂಚೆಯೇ ಕಲಿಸೋ ಜನ ಇದ್ದರು ಅನ್ನೋದು ಮುಖ್ಯ.

ನಮಗೇನು?

ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂ.ವರೆಗೆ ಅನುದಾನ ಇದೆ. 3ಡಿ ಪ್ರಿಂಟರ್ ಬರುತ್ತೆ, ಕಿಟ್ ಬರುತ್ತೆ. ಹೇಳಿಕೊಡೋ ಮನುಷ್ಯ ಆ ದುಡ್ಡಲ್ಲಿ ತಾನಾಗೇ ಬರೋದಿಲ್ಲ. ಮೇಷ್ಟ್ರು ವರ್ಗವಾಗಿ ಹೋದರೆ ರೂಮಿಗೆ ಬೀಗ ಬೀಳುತ್ತೆ.

ನಮ್ಮ ತಾಲೂಕಲ್ಲಿ ಇಂಥ ಕೇಂದ್ರ ಮಾಡಬೇಕು ಅನ್ನೋ ಎಸ್‌ಡಿಎಂಸಿ, ಹಳೆ ವಿದ್ಯಾರ್ಥಿ ಸಂಘ, ಪಂಚಾಯ್ತಿಗಳು ಕೊಟೇಶನ್ ತರಿಸೋಕೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಲಿ:

1. ದಿನಾ ಬಂದು ಕಲಿಸೋರು ಯಾರು?
2. ಈಗಿರೋ ಮುಖ್ಯಸ್ಥರು ಬಿಟ್ಟರೆ ಮುಂದೆ ಯಾರು? ಅವರು ಈಗಲೇ ಜೊತೆಗಿದ್ದಾರಾ?
3. ಮಕ್ಕಳು ಮಾಡಿದ್ದನ್ನ ಊರಲ್ಲಿ ಯಾರಾದರೂ ಬಳಸ್ತಾರಾ?

ಮೂರಕ್ಕೂ ಹೆಸರು ಹಿಡಿದು ಉತ್ತರ ಹೇಳೋ ಹಾಗಿದ್ದರೆ ಮುಂದುವರಿಯಬಹುದು. ಊರಿನ ವೆಲ್ಡಿಂಗ್ ಶಾಪ್ ಅಣ್ಣನನ್ನ ಒಂದು ಮಾತು ಕೇಳಿ ಬರೋದು ಅದರ ಮೊದಲ ಕೆಲಸ.